ಪ್ರಶಸ್ತಿ ಪಡೆದ ಕನ್ನಡ ಮಕ್ಕಳ ಕಾದಂಬರಿಗಳು: ವರವು ಕಾವಲಿನ ಕಡೆಯಿಂದ ಒಂದು ನೋಟ

ಮಕ್ಕಳನ್ನೇ ಓದುಗರೆಂದು ಮನಸ್ಸಿನಲ್ಲಿಟ್ಟುಕೊಂಡು, ಒಂದೇ ಕಥೆಯನ್ನು ಹಲವು ಅಧ್ಯಾಯಗಳಲ್ಲಿ ಬೆಳೆಸುತ್ತ ಹೋಗುವ ಗದ್ಯಕೃತಿ ಮಕ್ಕಳ ಕಾದಂಬರಿ. ಕನ್ನಡದಲ್ಲಿ ಶಿಶುಗೀತೆ ಮೊದಲು ಬಂತು, ಸಣ್ಣಕಥೆ ಅದರ ಬೆನ್ನಿಗೆ ಬಂತು, ಕಾದಂಬರಿ ನಿಧಾನವಾಗಿ ಬಂತು. ಪ್ರಶಸ್ತಿಗಳ ಕಣ್ಣಿಗೆ ಅದು ಬಿದ್ದದ್ದು ಇನ್ನೂ ನಿಧಾನವಾಗಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಕನ್ನಡ ಕಾದಂಬರಿಗಳು ಯಾವುವು, ಅವಕ್ಕೆ ಮನ್ನಣೆ ತಂದುಕೊಟ್ಟ ಗುಣ ಯಾವುದು ಎಂಬುದು ಈ ಲೇಖನದ ವಿಷಯ. ಪಟ್ಟಿಯನ್ನು ಬೆಂಗಳೂರು, ಧಾರವಾಡಗಳಿಂದ ನೋಡುವುದು ರೂಢಿ. ಇಲ್ಲಿ ಅದನ್ನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹುಲ್ಲುಗಾವಲಿನಿಂದ, ಅಂದರೆ ವರವು ಕಾವಲ್ ಸೀಮೆಯಿಂದ ನೋಡಲಾಗಿದೆ. ದೂರದ ಬಯಲಿನಿಂದ ನೋಡಿದಾಗ ಪಟ್ಟಿಯಲ್ಲಿ ಏನಿದೆ ಎಂಬುದರ ಜೊತೆಗೆ ಏನಿಲ್ಲ ಎಂಬುದೂ ಕಾಣುತ್ತದೆ.

ಹಿನ್ನೆಲೆ

ಪಂಜೆ ಮಂಗೇಶರಾಯರು, ಹೊಯಿಸಳ, ಜಿ.ಪಿ. ರಾಜರತ್ನಂ ಇವರು ಕನ್ನಡ ಮಕ್ಕಳ ಸಾಹಿತ್ಯಕ್ಕೆ ಹಾಕಿದ ಅಡಿಪಾಯ ಬಹುಮಟ್ಟಿಗೆ ಪದ್ಯದ್ದು. ಬಾಯಿಪಾಠಕ್ಕೆ ಒದಗುವುದು ಪದ್ಯವೇ. ಪುಸ್ತಕ ಕೊಳ್ಳಲಾಗದ ಮನೆಯ ಮಗುವಿಗೂ ಅದು ಶಾಲೆಯಲ್ಲಿ ಸಿಗುತ್ತಿತ್ತು. ಗದ್ಯದಲ್ಲಿ ದೊಡ್ಡ ಸಾಹಸ ಮಾಡಿದವರು ಶಿವರಾಮ ಕಾರಂತರು; 1936ರಲ್ಲಿ ಬಂದ ಅವರ ‘ಬಾಲಪ್ರಪಂಚ’ ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ. ಆಮೇಲೆ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ತಿಂಗಳಿಗೊಂದು ಸಂಪುಟದ ಲೆಕ್ಕದಲ್ಲಿ ಮನೆಮನೆಯ ಪುಸ್ತಕವಾಯಿತು. ‘ಚಂದಮಾಮ’, ‘ಬಾಲಮಿತ್ರ’ದಂಥ ಮಾಸಪತ್ರಿಕೆಗಳು ಕಥೆಯನ್ನು ಹಳ್ಳಿಯ ತನಕ ಒಯ್ದವು. ಮಗು ಒಂದೇ ಪುಸ್ತಕವನ್ನು ಹಿಡಿದು ವಾರಗಟ್ಟಲೆ ಓದಬೇಕಾದ ಕಾದಂಬರಿಗೆ ಮಾತ್ರ ಬೇರೆಯೇ ಸೌಕರ್ಯ ಬೇಕಿತ್ತು. ಮನೆಯಲ್ಲೋ ಶಾಲೆಯಲ್ಲೋ ಪುಸ್ತಕದ ಕಪಾಟು ಇರಬೇಕು, ಅದರ ಬೀಗ ತೆಗೆದಿರಬೇಕು. ಬೀಗದ ಮಾತು ಕುಹಕಕ್ಕೆ ಹೇಳಿದ್ದಲ್ಲ. ಸರ್ಕಾರಿ ಶಾಲೆಯಲ್ಲಿ ಓದಿದ ಯಾರಿಗಾದರೂ ಅದು ಗೊತ್ತು.

ಪುರಸ್ಕಾರದ ಬಗೆ

ರಾಜ್ಯದಲ್ಲಿ ಕರ್ನಾಟಕ ಸಾಹಿತ್ಯ ಅಕಾಡೆಮಿಯ ವಾರ್ಷಿಕ ಪುಸ್ತಕ ಬಹುಮಾನಗಳಲ್ಲಿ ಮಕ್ಕಳ ಸಾಹಿತ್ಯಕ್ಕೆ ಒಂದು ವಿಭಾಗವಿದೆ. ಧಾರವಾಡದಲ್ಲಿರುವ ಕರ್ನಾಟಕ ಬಾಲವಿಕಾಸ ಅಕಾಡೆಮಿಯೂ ಮಕ್ಕಳ ಲೇಖಕರನ್ನು ಗೌರವಿಸುತ್ತದೆ. ರಾಷ್ಟ್ರಮಟ್ಟದಲ್ಲಿ ಎಲ್ಲರೂ ಎದುರುನೋಡುವುದು ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರವನ್ನು. 2010ರಲ್ಲಿ ಆರಂಭವಾದ ಇದು 24 ಭಾಷೆಗಳಿಗೆ ಸಲ್ಲುತ್ತದೆ. 50,000 ರೂಪಾಯಿ ನಗದು, ಜೊತೆಗೆ ಒಂದು ತಾಮ್ರಫಲಕ. ಪ್ರತಿ ಭಾಷೆಗೂ ಮೂವರು ತೀರ್ಪುಗಾರರಿರುತ್ತಾರೆ. ಅವರ ಸರ್ವಾನುಮತ ಅಥವಾ ಬಹುಮತದ ಆಯ್ಕೆಗೆ ಕಾರ್ಯಕಾರಿ ಮಂಡಳಿ ಒಪ್ಪಿಗೆ ಕೊಡುತ್ತದೆ. ಪುರಸ್ಕಾರ ಲೇಖಕರಿಗೆ ಮಾತ್ರ, ಚಿತ್ರ ಬರೆದವರಿಗೆ ಪಾಲಿಲ್ಲ. ಮಕ್ಕಳ ಪುಸ್ತಕದ ಅರ್ಧ ಜೀವ ಚಿತ್ರದಲ್ಲಿರುವುದರಿಂದ ಇದು ಸಣ್ಣ ಕೊರತೆಯಲ್ಲ. ಅಮೆರಿಕದವರು 1938ರಿಂದಲೇ ಚಿತ್ರಪುಸ್ತಕದ ಕಲಾವಿದರಿಗೆಂದು ಕ್ಯಾಲ್ಡಿಕಾಟ್ ಪದಕವನ್ನು ಬೇರೆಯಾಗಿ ಕೊಡುತ್ತಿದ್ದಾರೆ.

ಆರಂಭದ ವರ್ಷಗಳಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನು ಒಂದು ಪುಸ್ತಕಕ್ಕಾದರೂ ಕೊಡಬಹುದಿತ್ತು, ಲೇಖಕರ ಒಟ್ಟು ಕೊಡುಗೆಗಾದರೂ ಕೊಡಬಹುದಿತ್ತು. ಕನ್ನಡದ ಮಟ್ಟಿಗೆ ಆ ದಶಕದ ಬಹುಪಾಲು ಎರಡನೆಯ ದಾರಿಯಲ್ಲಿ ಹೋಯಿತು. ಎಚ್.ಎಸ್. ವೆಂಕಟೇಶಮೂರ್ತಿ, ಆನಂದ ಪಾಟೀಲ, ಸುಮತೀಂದ್ರ ನಾಡಿಗ, ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ, ಕಂಚ್ಯಾಣಿ ಶರಣಪ್ಪ, ಚಂದ್ರಕಾಂತ ಕರದಳ್ಳಿ ಇವರಿಗೆಲ್ಲ ಸಂದದ್ದು ಇಡೀ ಜೀವಮಾನದ ಕೆಲಸಕ್ಕೆ ಸಂದ ಗೌರವ. ಮಕ್ಕಳಿಗಾಗಿ ದಶಕಗಳ ಕಾಲ ಬರೆದವರಿಗೆ ಯಾವ ದೊಡ್ಡ ಮನ್ನಣೆಯೂ ಇಲ್ಲದೆ ಬಾಕಿ ಬೆಳೆದಿತ್ತು, ಅದು ತೀರಬೇಕಿತ್ತು. ಜಗತ್ತಿನ ಅತಿ ದೊಡ್ಡ ಮಕ್ಕಳ ಸಾಹಿತ್ಯ ಗೌರವವಾದ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಕೂಡ ಒಟ್ಟು ಕೊಡುಗೆಗೇ ಸಲ್ಲುವಂಥದ್ದು. ಆದರೆ ಇದರಿಂದ ಒಂದು ನಷ್ಟವಾಯಿತು. ಸಮಗ್ರ ಕೊಡುಗೆ ಎಂದಾಗ ಗ್ರಂಥಪಾಲಕ ಯಾವ ಪುಸ್ತಕವನ್ನು ತರಿಸಬೇಕು, ಮೇಷ್ಟ್ರು ಯಾವುದನ್ನು ಮಗುವಿನ ಕೈಗೆ ಕೊಡಬೇಕು ಎಂಬುದು ಗೊತ್ತಾಗುವುದಿಲ್ಲ. ಪುಸ್ತಕಕ್ಕೆ ಕೊಟ್ಟ ಬಹುಮಾನ ಪುಸ್ತಕವನ್ನು ಓಡಾಡಿಸುತ್ತದೆ, ವ್ಯಕ್ತಿಗೆ ಕೊಟ್ಟ ಬಹುಮಾನ ಶಾಲು ಹೊದಿಸಿ ಸುಮ್ಮನಾಗುತ್ತದೆ.

ಪುರಸ್ಕೃತ ಕಾದಂಬರಿಗಳು

ಮೊದಲ ವರ್ಷವೇ, 2010ರಲ್ಲಿ, ಪುರಸ್ಕಾರ ಒಂದು ಕಾದಂಬರಿಗೆ ಬಂತು: ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ’. ಗಾಂಧಿಯ ಬದುಕನ್ನು ಮಕ್ಕಳಿಗೆ ಹೇಳುವ ಪುಸ್ತಕಗಳಿಗೆ ಕನ್ನಡದಲ್ಲಿ ಬರವಿಲ್ಲ. ಅವುಗಳಲ್ಲಿ ಹೆಚ್ಚಿನವು ಮಹಾತ್ಮನಿಂದ ಶುರುವಾಗಿ ಮಹಾತ್ಮನಲ್ಲೇ ಮುಗಿಯುತ್ತವೆ. ಬೊಳುವಾರರು ಹೆಸರಿನಲ್ಲೇ ದಾರಿ ಬದಲಿಸಿದರು. ಮೊದಲು ಪಾಪು, ಆಮೇಲೆ ಬಾಪು. ಮುತ್ತುಪ್ಪಾಡಿಯ ಮುಸ್ಲಿಂ ಬದುಕನ್ನು ಕಥೆಯಾಗಿಸಿ ಹೆಸರಾದ ದೊಡ್ಡವರ ಲೇಖಕರೊಬ್ಬರು ಮಕ್ಕಳಿಗೆಂದು ಕೂತು ಬರೆದದ್ದೂ ಇಲ್ಲಿ ಗಮನಿಸತಕ್ಕ ಸಂಗತಿ. ಮುಂದೆ ಪಿ. ಶೇಷಾದ್ರಿ ಇದನ್ನೂ ಗಾಂಧಿಯ ಆತ್ಮಕಥೆಯನ್ನೂ ಆಧರಿಸಿ ‘ಮೋಹನದಾಸ’ ಚಲನಚಿತ್ರ ಮಾಡಿದರು.

2011ರದು ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. ಪಟ್ಟಿಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಪುಸ್ತಕ ಇದು. ಡಿಸೋಜ ಸಾಗರದವರು, ಲೋಕೋಪಯೋಗಿ ಇಲಾಖೆಯಲ್ಲಿ ನೌಕರರಾಗಿದ್ದವರು. ಶರಾವತಿ ಯೋಜನೆಯನ್ನು ಪತ್ರಿಕೆಯಲ್ಲಿ ಓದಿ ತಿಳಿದವರಲ್ಲ, ಹತ್ತಿರದಿಂದ ಕಂಡವರು. 1964ರ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಊರುಗಳು, ತೋಟಗಳು, ಗದ್ದೆಗಳು, ದೇವಸ್ಥಾನಗಳು ನೀರಿನಡಿ ಸೇರಿದವು. ಅದಕ್ಕಿಂತ ಹಿಂದೆ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟನ್ನೂ ಹೊಸ ಅಣೆಕಟ್ಟಿನ ನೀರು ನುಂಗಿತು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಅದು ಇವತ್ತಿಗೂ ತಲೆ ಎತ್ತುತ್ತದೆ. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ದೊಡ್ಡವರಿಗೆ ಹೇಳಿದ ಸಂಕಟವನ್ನು ಡಿಸೋಜ ಮಕ್ಕಳ ಮುಂದೆಯೂ ಇಟ್ಟರು. ಮುಳುಗಡೆ ಎಂಬ ಮಾತನ್ನು ಮಕ್ಕಳಿಗೆ ಹೇಳಬಾರದು, ನೋವಾಗುತ್ತದೆ ಎಂದು ಅವರು ಭಾವಿಸಲಿಲ್ಲ. ತಾವು ಹುಟ್ಟುವ ಮೊದಲೇ ಕಳೆದುಹೋದ ಊರೊಂದು ತಮಗೂ ಸೇರಿದ್ದು ಎಂದು ಸಾಗರದ ಮಗುವಿಗೆ ತಿಳಿಯಲಿ ಎಂಬುದು ಅವರ ನಿಲುವು. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ ನಡೆದ 80ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು.

ಮುಂದಿನ ಕಾದಂಬರಿಗಳ ಸಾಲು ಬಂದದ್ದು 2020ರಿಂದ. ಆ ವರ್ಷ ಎಚ್.ಎಸ್. ಬ್ಯಾಕೋಡ ಅವರ ‘ನಾನು ಅಂಬೇಡ್ಕರ್’, 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, 2022ರಲ್ಲಿ ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ನಾಲ್ಕು ವರ್ಷ, ನಾಲ್ಕೂ ಕಾದಂಬರಿ. ಇವರಲ್ಲಿ ಬೀಗಾರ ಉತ್ತರ ಕನ್ನಡದ ಸಿದ್ದಾಪುರದ ಕಡೆಯವರು, ಮೇಷ್ಟ್ರಾಗಿದ್ದವರು, ಚಿತ್ರವನ್ನೂ ಬರೆಯಬಲ್ಲವರು. ಹಾಲಾಡಿ ಕುಂದಾಪುರ ಸೀಮೆಯ ಶಿಕ್ಷಕಿ. ಬೇವಿನಗಿಡದ ಧಾರವಾಡ ಕಡೆಯವರು. ಕನ್ನಡದ ಮಕ್ಕಳ ಕಾದಂಬರಿಯನ್ನು ಈಗ ಎತ್ತಿ ಹಿಡಿದಿರುವವರಲ್ಲಿ ತರಗತಿಯಲ್ಲಿ ಮಕ್ಕಳ ನಡುವೆ ನಿಂತವರಿದ್ದಾರೆ ಎನ್ನಬಹುದು. ಇದರ ಲಾಭ ಮಾತಿನಲ್ಲಿ ಕಾಣುತ್ತದೆ, ಯಾವ ವಾಕ್ಯಕ್ಕೆ ಹಿಂದಿನ ಬೆಂಚು ಆಕಳಿಸುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿರುತ್ತದೆ. ಅಪಾಯವೂ ಅಲ್ಲೇ ಇದೆ. ಪಾಠ ಹೇಳುವ ಅಭ್ಯಾಸ ಕಥೆಯ ಕೊನೆಯಲ್ಲಿ ತಾನೇ ತಾನಾಗಿ ಇಣುಕುತ್ತದೆ.

2024ರಲ್ಲಿ ಪುರಸ್ಕಾರ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ ಕೃತಿಗೆ ಬಂತು. ಎರಡೂ ಕಥಾಸಂಕಲನ. ಕನ್ನಡತಿಯೇ ಆದ ಸುಧಾ ಮೂರ್ತಿ ಅವರಿಗೆ 2023ರಲ್ಲಿ ಇದೇ ಪುರಸ್ಕಾರ ಇಂಗ್ಲಿಷ್ ವಿಭಾಗದಲ್ಲಿ ಬಂದದ್ದೂ ಕಥೆಗಳಿಗೇ.

ಮನ್ನಣೆ ಯಾವುದಕ್ಕೆ

ಮಕ್ಕಳ ಪುಸ್ತಕಕ್ಕೆ ದೊಡ್ಡವರು ಬಹುಮಾನ ಕೊಡುವುದರಿಂದ ತೀರ್ಪು ಎರಡು ತಪ್ಪುಗಳ ಕಡೆ ಜಾರುವ ಸಂಭವವಿದೆ. ಒಂದು, ಒಳ್ಳೆಯ ನೀತಿಯಿದೆ ಎಂಬ ಕಾರಣಕ್ಕೆ ಕೊಡುವುದು. ಇನ್ನೊಂದು, ಚೆನ್ನಾಗಿ ಮಾರಾಟವಾಗಿದೆ ಎಂಬ ಕಾರಣಕ್ಕೆ ಕೊಡುವುದು. ಅಮೆರಿಕದ ಗ್ರಂಥಾಲಯ ಸಂಘ 1922ರಿಂದ ಕೊಡುತ್ತಿರುವ ನ್ಯೂಬೆರಿ ಪದಕದ ನಿಯಮಾವಳಿಯಲ್ಲಿ ಈ ಎರಡನ್ನೂ ಹೆಸರಿಸಿ ಹೊರಗಿಟ್ಟಿದ್ದಾರೆ: ಪದಕ ಬೋಧನೆಗೂ ಅಲ್ಲ, ಜನಪ್ರಿಯತೆಗೂ ಅಲ್ಲ. ಕನ್ನಡದಲ್ಲಿ ಎರಡನೆಯ ಭಯ ಕಡಿಮೆ, ಏಕೆಂದರೆ ನಮ್ಮ ಮಕ್ಕಳ ಪುಸ್ತಕಗಳ ಮಾರಾಟ ಅಂಗಡಿಗಿಂತ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡಿದೆ. ಮೊದಲನೆಯದೇ ನಮ್ಮ ಹಳೆಯ ರೋಗ.

ಆದರೂ ಮೇಲಿನ ಪಟ್ಟಿ ನೀತಿಯ ಪಟ್ಟಿಯಾಗಿಲ್ಲ. ಗಾಂಧಿ, ಅಂಬೇಡ್ಕರರ ಹೆಸರು ಹೊತ್ತ ಎರಡನ್ನು ಬಿಟ್ಟರೆ ಉಳಿದವುಗಳ ಶೀರ್ಷಿಕೆ ನೋಡಿ: ಮುಳುಗಡೆಯ ಊರು, ಗುಹೆ, ಗೇಟು. ಎಲ್ಲವೂ ಕಾಲಿಟ್ಟು ನಿಲ್ಲಬಹುದಾದ ಜಾಗಗಳು. ‘ಓಡಿ ಹೋದ ಹುಡುಗ’ ಎಂದರೂ ಎಲ್ಲಿಂದ, ಎಲ್ಲಿಗೆ ಎಂದೇ ಕೇಳಬೇಕು. ಅನಾಮಧೇಯ ‘ಒಂದಾನೊಂದು ಊರ’ನ್ನು ಬಿಟ್ಟು, ಹೆಸರಿರುವ ಸೀಮೆಯ ಗಿಡಮರ, ಹಕ್ಕಿ, ನುಡಿಗಟ್ಟುಗಳೊಳಗೆ ಮಗುವನ್ನು ಇಳಿಸಿದ್ದು, ಆ ಮಗು ದೊಡ್ಡವರ ಅಪ್ಪಣೆಗೆ ಕಾಯದೆ ತಾನೇ ಏನಾದರೂ ಮಾಡುವಂತೆ ಬಿಟ್ಟದ್ದು, ಇವೆರಡೇ ಕನ್ನಡದ ಮಕ್ಕಳ ಕಾದಂಬರಿಗೆ ಮನ್ನಣೆ ತಂದಿವೆ ಎಂಬುದು ಈ ಲೇಖಕನ ಅಭಿಪ್ರಾಯ. ಎರಡರಲ್ಲಿ ಮೊದಲನೆಯದರ ತೂಕ ಹೆಚ್ಚು.

ಹೊರಗಿನ ಎರಡು ಉದಾಹರಣೆ ಇದಕ್ಕೆ ಒದಗುತ್ತವೆ, ಎರಡೂ ಭಾರತದ ನೆಲದವೇ. ಕಲ್ಕತ್ತೆಯ ಬಳಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಧನಗೋಪಾಲ ಮುಖರ್ಜಿ ‘ಗೇ-ನೆಕ್’ ಎಂಬ ಪುಸ್ತಕಕ್ಕೆ 1928ರಲ್ಲಿ ನ್ಯೂಬೆರಿ ಪದಕ ಪಡೆದರು. ಅದು ಒಂದು ಪಾರಿವಾಳದ ಕಥೆ. ಮರಿಗೆ ಹಾರಾಟ ಕಲಿಸುವುದು, ದಿಕ್ಕು ಕಲಿಸುವುದು, ಗಿಡುಗನಿಂದ ಕಾಪಾಡುವುದು, ಕೊನೆಗೆ ಮಹಾಯುದ್ಧದಲ್ಲಿ ಸಂದೇಶ ಒಯ್ಯುವುದು, ಹೀಗೆ ಪಾರಿವಾಳ ಸಾಕುವವರ ವಿದ್ಯೆಯನ್ನೇ ಕಥೆಯ ಬೆನ್ನೆಲುಬು ಮಾಡಿಕೊಂಡ ಕೃತಿ. ಅನಿತಾ ದೇಸಾಯಿ ಅವರ ‘ದ ವಿಲೇಜ್ ಬೈ ದ ಸೀ’ 1983ರಲ್ಲಿ ಗಾರ್ಡಿಯನ್ ಪತ್ರಿಕೆಯ ಮಕ್ಕಳ ಕಾದಂಬರಿ ಬಹುಮಾನ ಪಡೆಯಿತು. ಮುಂಬೈ ಸಮೀಪದ ಥುಲ್ ಎಂಬ ಮೀನುಗಾರರ ಊರಿಗೆ ಗೊಬ್ಬರದ ಕಾರ್ಖಾನೆ ಬರಲಿದೆ; ಲೀಲಾ, ಹರಿ ಎಂಬ ಅಕ್ಕ ತಮ್ಮ ಕುಡುಕ ತಂದೆ, ಕಾಯಿಲೆಯ ತಾಯಿಯ ಮನೆಯನ್ನು ಹೇಗೆ ನಿಭಾಯಿಸುತ್ತಾರೆ ಎಂಬುದು ಕಥೆ. ಕಾರ್ಖಾನೆ ಸರಿಯೋ ತಪ್ಪೋ ಎಂಬ ತೀರ್ಪನ್ನು ಹರಿಯ ಬಾಯಲ್ಲಿ ತುರುಕುವ ಆತುರ ದೇಸಾಯಿ ಅವರಿಗಿಲ್ಲ. ಬಂದ ಬದಲಾವಣೆಯ ಜೊತೆ ಹುಡುಗ ಬದುಕಬೇಕು, ಕೈಗೊಂದು ಕಸುಬು ಬೇಕು, ಅವನು ಮುಂಬೈಗೆ ಹೋಗಿ ಗಡಿಯಾರ ರಿಪೇರಿ ಕಲಿಯುತ್ತಾನೆ.

ಕಾವಲಿನಲ್ಲಿರುವುದು

ಸಾಗರದ ಮುಳುಗಡೆ, ಥುಲ್‌ನ ಕಾರ್ಖಾನೆ ಇವುಗಳ ಪಕ್ಕದಲ್ಲಿ ಇಡಬಹುದಾದ ನೆಲ ವರವು ಕಾವಲು. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ, ಟಿಪ್ಪುವಿನ ಕಾಲದಿಂದ ‘ಅಮೃತ ಮಹಲ್’ ಎನಿಸಿಕೊಂಡ ಆ ತಳಿಗೆ, ಮೀಸಲಿಟ್ಟ ಹುಲ್ಲುಗಾವಲುಗಳಲ್ಲಿ ಇದೂ ಒಂದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಕುರಿ, ದನ, ಕಂಬಳಿ ಮೂರೂ ಕಾವಲಿನ ಹುಲ್ಲಿನ ಮೇಲೆ ನಿಂತಿದ್ದವು. ಕೃಷ್ಣಮೃಗ ಓಡಾಡುವ, ಎರ್ಲಡ್ಡು ಹಕ್ಕಿ ಕಂಡುಬರುತ್ತಿದ್ದ ನೆಲ ಇದು. 2008ರ ನಂತರ ಚಳ್ಳಕೆರೆಯ ಕಾವಲುಗಳು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾದವು. ವರವು ಕಾವಲಿನಲ್ಲಿ 4,290 ಎಕರೆ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ ಹೋಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋಗಳಿಗೂ ಪಾಲು. ದನ ಹೊಡೆದುಕೊಂಡು ಹೋಗುವ ದಾರಿಗೆ ಗೋಡೆ ಬಂತು. ಊರವರು ಹೋರಾಡಿದರು, ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. 2017ರ ಮೇ ತಿಂಗಳಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು.

ಅದೇ ವಲಯದ ರನ್‌ವೇ ಮೇಲೆ ಇಸ್ರೋದ ‘ಪುಷ್ಪಕ್’ ಇಳಿದದ್ದು. ಮರುಬಳಕೆಯ ಉಡಾವಣಾ ವಾಹನದ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟಿತು. ರೆಕ್ಕೆಯ ವಾಹನ ಪೈಲಟ್ ಇಲ್ಲದೆ ತಾನೇ ದಾರಿ ಸರಿಪಡಿಸಿಕೊಂಡು ಬಂದು ನೆಲ ಮುಟ್ಟಿತು. 2023ರ ಏಪ್ರಿಲ್, 2024ರ ಮಾರ್ಚ್, 2024ರ ಜೂನ್, ಮೂರು ಸಲವೂ ಪ್ರಯೋಗ ಗೆದ್ದಿತು. ಇನ್ನು ಗೋಡೆಯ ಈಚೆ ಕುರಿ ರೊಪ್ಪದ ಪಕ್ಕ ನಿಂತ ಹನ್ನೊಂದು ವರ್ಷದ ಹುಡುಗಿಯನ್ನು ಊಹಿಸಿಕೊಳ್ಳಿ. ಅಜ್ಜ ದನ ಮೇಯಿಸಿದ ನೆಲದ ಮೇಲೆ ಆಕಾಶದಿಂದ ವಿಮಾನದಂಥದ್ದೊಂದು ಇಳಿಯುತ್ತದೆ. ಅವಳಿಗೆ ಸಿಟ್ಟು ಬರಬೇಕೋ, ಬೆರಗಾಗಬೇಕೋ? ಎರಡೂ ಆಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವ ಬರವಣಿಗೆಗೇ ಕಾದಂಬರಿ ಎನ್ನುವುದು. ಡಿಸೋಜ ಮಾಡಿದ್ದು ಇದನ್ನೇ, ಅನಿತಾ ದೇಸಾಯಿ ಮಾಡಿದ್ದೂ ಇದನ್ನೇ.

ಈ ಸೀಮೆಗೆ ಕಥೆಯ ಬಡತನ ಎಂದೂ ಇರಲಿಲ್ಲ. ಕಾಡುಗೊಲ್ಲರ ಜುಂಜಪ್ಪನ ಕಾವ್ಯ ದನ ಕಾಯುವ ವೀರನದು. ಉದ್ದನೆಯ ಬಿದಿರಿನ ಕೊಳಲಾದ ಗಣೆಯ ಜೊತೆ ಅದನ್ನು ಹಾಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದಳು. ಅವನ್ನು ಕೃಷ್ಣಮೂರ್ತಿ ಹನೂರರು ಪುಸ್ತಕ ಮಾಡಿದರು. ಮ್ಯಾಸಬೇಡರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ, ಅವುಗಳನ್ನು ನೋಡಿಕೊಳ್ಳುವ ಕಿಲಾರಿಗಳಿದ್ದಾರೆ. ಈ ಎತ್ತುಗಳನ್ನು ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ. ಬರ ಬಂದರೂ ಮೇವು ಹೊಂಚಬೇಕು. ಮುಖರ್ಜಿಯವರ ಪಾರಿವಾಳ ಸಾಕುವವರ ವಿದ್ಯೆಗೆ ಕಿಲಾರಿಯ ವಿದ್ಯೆ ಯಾವುದರಲ್ಲಿ ಕಡಿಮೆ?

ಮೊಳಕಾಲ್ಮೂರಿನ ಕಡೆ ಇನ್ನೊಂದು ಬಾಗಿಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಶಾಸನ ಬರೆದವನ ಹೆಸರು ಚಪಡ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಕೊನೆಯಲ್ಲಿ ‘ಲಿಪಿಕಾರ’ ಎಂಬರ್ಥದ ಮಾತನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದ. ದೂರದೇಶದ ಲಿಪಿ ಬಲ್ಲವನೊಬ್ಬ ಇಲ್ಲಿನ ಬಂಡೆಯ ಮೇಲೆ ತನ್ನ ಕೈಚಳಕದ ಗುರುತು ಬಿಟ್ಟು ಹೋಗಿದ್ದಾನೆ. ಐತಿಹಾಸಿಕ ಮಕ್ಕಳ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಅಧ್ಯಾಯ ಸಿಗುವುದು ಕಷ್ಟ.

ಕಾದಂಬರಿಯ ಪರಂಪರೆಯೂ ಇಲ್ಲಿಗೆ ಹೊಸದಲ್ಲ. ತ.ರಾ. ಸುಬ್ಬರಾಯರ ಹೆಸರಿನ ಮೊದಲಕ್ಷರ ಚಳ್ಳಕೆರೆ ತಾಲ್ಲೂಕಿನ ತಳುಕಿನದು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ, ಅವರು ತೀರಿಕೊಂಡ ಮೇಲೆ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡವರಿಗೆಂದು ಬರೆದ ದುರ್ಗದ ಕಾದಂಬರಿಗಳನ್ನು ಈ ಕಡೆಯ ಹೈಸ್ಕೂಲು ಹುಡುಗರು ಕದ್ದೋ ಕೇಳಿಯೋ ಓದಿ ಬೆಳೆದರು. ಅದೇ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು ‘ಯೇಗ್ದಾಗೆಲ್ಲಾ ಐತೆ’ಯಲ್ಲಿ ಬಯಲುಸೀಮೆಯ ಆಡುಮಾತನ್ನು ಅಚ್ಚಿಗೆ ತಂದು, ಅದಕ್ಕೆ ನಾಡಿನುದ್ದಕ್ಕೂ ಓದುಗರಿದ್ದಾರೆ ಎಂದು ತೋರಿಸಿಕೊಟ್ಟರು. ಕುಂದಾಪುರದ ಮಾತು, ಧಾರವಾಡದ ಮಾತು ಕನ್ನಡದ ಪುಸ್ತಕಗಳಲ್ಲಿ ಬಹುಕಾಲದಿಂದ ಓಡಾಡುತ್ತಿವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ರಾಯದುರ್ಗ ಗಡಿಯ ಮಗುವಿನ ಮಾತು ಮಾತ್ರ ಮಕ್ಕಳ ಪುಸ್ತಕದ ಹೊಸ್ತಿಲಲ್ಲೇ ನಿಂತಿದೆ.

ಬಯಲುಸೀಮೆಯ ಸರದಿ

ಪುರಸ್ಕಾರದ ಪಟ್ಟಿಗೆ ಮರಳಿದರೆ ಒಂದು ಅಂಶ ಎದ್ದು ಕಾಣುತ್ತದೆ. ಕಾದಂಬರಿಗಳು ಬಂದದ್ದು ಕರಾವಳಿ, ಮಲೆನಾಡು, ಉತ್ತರ ಕರ್ನಾಟಕಗಳಿಂದ. ಕೊನೆಯ ಎರಡು ವರ್ಷ ಪುರಸ್ಕಾರ ಬಯಲುಸೀಮೆಗೆ ಇಳಿಯಿತು. ಬಿಳಿಗೆರೆ ತುಮಕೂರು ಜಿಲ್ಲೆಯವರು, ಹಂದಿಹಾಳು ಬಳ್ಳಾರಿ ಸೀಮೆಯವರು, ಚಿತ್ರದುರ್ಗ ಜಿಲ್ಲೆಯ ಎರಡು ಮಗ್ಗುಲಿನವರು. ಆದರೆ ಇಬ್ಬರಿಗೂ ಬಂದದ್ದು ಕಥೆಗಳಿಗೆ. ಬಯಲುಸೀಮೆಯ ಬದುಕಿಗೆ ತುಣುಕು ಕಥೆಯೇ ಒಗ್ಗುತ್ತದೆ ಎಂದು ಹೇಳಿಬಿಡುವುದು ಸುಲಭ. ರಾತ್ರಿಯಿಡೀ ಜುಂಜಪ್ಪನನ್ನು ಹಾಡುವ, ಕೇಳುವ ಜನರ ಮುಂದೆ ಆ ಮಾತು ನಿಲ್ಲುವುದಿಲ್ಲ. ಉಸಿರು ಉದ್ದವಾಗಿಯೇ ಇದೆ, ಅದನ್ನು ಮಕ್ಕಳ ಗದ್ಯಕ್ಕೆ ತಿರುಗಿಸುವ ಕೆಲಸ ಬಾಕಿ ಇದೆ.

ಓದುಗರ ಕಡೆಯ ಏರ್ಪಾಡು ಹಿಂದಿಗಿಂತ ವಾಸಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಕರೆತಂದಿತು. ಆ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು. ಬ್ರಿಟನ್ನಿನ ಕಾರ್ನೆಗಿ ಪದಕದಲ್ಲಿ ಶಾಲಾ ಮಕ್ಕಳ ಗುಂಪುಗಳು ಅಂತಿಮ ಪಟ್ಟಿಯ ಪುಸ್ತಕಗಳನ್ನು ತೀರ್ಪುಗಾರರ ಜೊತೆಜೊತೆಗೇ ಓದಿ ತಮ್ಮ ಆಯ್ಕೆಯನ್ನೂ ಹೇಳುತ್ತವೆ. ನಾಯಕನಹಟ್ಟಿಯಲ್ಲೋ ರಾಂಪುರದಲ್ಲೋ ಇಪ್ಪತ್ತು ಮಕ್ಕಳಿಗೆ ‘ಬಾವಲಿ ಗುಹೆ’, ‘ಸೂರಕ್ಕಿ ಗೇಟ್’ ಕೊಟ್ಟು ಹಾಗೆ ಕೇಳುವುದಕ್ಕೆ ಖರ್ಚೇನೂ ಇಲ್ಲ.

ಬರೆಯುವವರಿಗೂ ಒಂದು ಮಾತು. ಬಾಲ ಸಾಹಿತ್ಯ ಪುರಸ್ಕಾರಕ್ಕೆ ಹಸ್ತಪ್ರತಿಯನ್ನು ಪರಿಗಣಿಸುವುದಿಲ್ಲ. ಹಿಂದಿನ ಕೆಲವು ವರ್ಷಗಳಲ್ಲಿ ಮೊದಲ ಸಲ ಅಚ್ಚಾದ ಪುಸ್ತಕವೇ ಆಗಬೇಕು. ಚಳ್ಳಕೆರೆ, ಮೊಳಕಾಲ್ಮೂರಿನ ಮೇಷ್ಟ್ರುಗಳ, ಟೀಚರುಗಳ ಟ್ರಂಕಿನಲ್ಲಿ ಕಾವಲಿನ ಕಥೆ ಬರೆದಿಟ್ಟ ನೋಟ್‌ಬುಕ್ಕುಗಳಿದ್ದರೆ ಅವನ್ನು ದಯವಿಟ್ಟು ಪ್ರಕಾಶಕರಿಗೆ ಕಳಿಸಿ.